ತೀರ್ಥನ್, ಊಹ್ಲ್, ಬಾಸ್ಪಾ, ಲಿದ್ದರ್: ಕಾಡು ಟ್ರೌಟ್‌ಗೆ ಗಾಳ ಹಾಕಲು ಯಾವ ಹೊಳೆ?

ಕಾವೇರಿಯ ಮಡುಗಳಲ್ಲಿ ಬಿಳಿಮೀನಿಗೆ (ಮಹಸೀರ್) ಗಾಳ ಹಾಕಿ ಪಳಗಿದವರಲ್ಲಿ ಕೆಲವರು, ವನ್ಯಜೀವಿಧಾಮದೊಳಗಿನ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕಳಿ ಶಿಬಿರಗಳಲ್ಲಿ ಆ ಹವ್ಯಾಸ ನಿಂತುಹೋದ ಮೇಲೆ, ಉತ್ತರದ ತಣ್ಣೀರಿನ ಹೊಳೆಗಳ ಕಡೆ ನೋಡತೊಡಗಿದ್ದಾರೆ. ಅವರು ಸಾಮಾನ್ಯವಾಗಿ ಕೇಳುವುದು, ಹಿಮಾಚಲಕ್ಕೆ ಹೋಗಬೇಕೋ ಕಾಶ್ಮೀರಕ್ಕೆ ಹೋಗಬೇಕೋ ಎಂದು. ಹೊಳೆಯ ಹೆಸರು ಎತ್ತುವ ಮೊದಲೇ ತೀರ್ಮಾನಿಸಬೇಕಾದ ಎರಡು ಸಂಗತಿಗಳಿವೆ ಎಂಬುದು ನನ್ನ ಅಭಿಪ್ರಾಯ. ನಿಮಗೆ ಬೇಕಿರುವುದು ಆ ಹೊಳೆಯಲ್ಲೇ ಹುಟ್ಟಿ ಬೆಳೆದ ಮೀನೋ, ಸಾಕಣೆ ಕೇಂದ್ರದಿಂದ ತಂದು ಬಿಟ್ಟ ಮೀನೋ ಎಂಬುದು ಒಂದು. ನಿಮಗೆ ರಜೆ ಸಿಗುವುದು ಯಾವ ತಿಂಗಳಲ್ಲಿ ಎಂಬುದು ಇನ್ನೊಂದು. ಈ ಎರಡಕ್ಕೂ ಉತ್ತರ ಸಿಕ್ಕರೆ ಹೊಳೆಯ ಆಯ್ಕೆ ಬಹುಪಾಲು ತಾನಾಗಿಯೇ ಆಗುತ್ತದೆ.

ಹುಟ್ಟಿದ ಮೀನು, ಬಿಟ್ಟ ಮೀನು

ಟ್ರೌಟ್ ನಮ್ಮ ದೇಶದ ಮೀನಲ್ಲ. ಬ್ರೌನ್ ಟ್ರೌಟ್ ಯುರೋಪಿನದು. ರೇನ್‌ಬೋ ಟ್ರೌಟ್ ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಗೆ ಮತ್ತು ರಷ್ಯಾದ ಕಮ್ಚಾಟ್ಕಾಕ್ಕೆ ಸೇರಿದ್ದು. ಕಾಶ್ಮೀರಕ್ಕೆ 1899ರಲ್ಲಿ ತರಿಸಿದ ಬ್ರೌನ್ ಟ್ರೌಟ್ ಮೊಟ್ಟೆಗಳು ಉಳಿಯಲಿಲ್ಲ. ಮರುವರ್ಷ ಸ್ಕಾಟ್ಲೆಂಡಿನಿಂದ ಬಂದವು ಉಳಿದುಕೊಂಡವು. ಅದೇ ಸಂತತಿಯ ಮೀನುಗಳು 1909ರಲ್ಲಿ ಕುಲ್ಲು ಕಣಿವೆಗೆ ಬಂದವು. ಬ್ರಿಟಿಷ್ ಅಧಿಕಾರಿ ಹೊವೆಲ್ ಅವರ ಮುತುವರ್ಜಿಯಿಂದ ಅಲ್ಲಿನ ಮಹಿಲಿಯಲ್ಲಿ ಮರಿ ಮಾಡುವ ಕೇಂದ್ರ ಆರಂಭವಾಗಿ, ಬಿಯಾಸ್ ನದಿಗೂ ಅದರ ಉಪನದಿಗಳಿಗೂ ಮೀನು ಹರಡಿತು. ಅಂದಿನಿಂದ ನೂರಕ್ಕೂ ಹೆಚ್ಚು ವರ್ಷಗಳ ಕಾಲ ಈ ಹೊಳೆಗಳ ಜಲ್ಲಿಯಲ್ಲಿ ತಾವೇ ಮೊಟ್ಟೆಯಿಟ್ಟು, ಪ್ರವಾಹ ಮತ್ತು ಚಳಿಗಳನ್ನು ದಾಟಿ ಬಂದ ಮೀನುಗಳ ಪೀಳಿಗೆಯನ್ನೇ ಇಲ್ಲಿ ಕಾಡು ಟ್ರೌಟ್ ಎಂದು ಕರೆಯುತ್ತಿದ್ದೇನೆ. ಅವು ಬರುವ ಮೊದಲು ಈ ನೀರು ಸ್ನೋ ಟ್ರೌಟ್ ಎಂಬ ಸ್ಥಳೀಯ ಮೀನಿನದಾಗಿತ್ತು. ಹೆಸರಿನಲ್ಲಿ ಟ್ರೌಟ್ ಎಂದಿದ್ದರೂ ಅದು ನಮ್ಮ ಬಿಳಿಮೀನಿನ ಕುಟುಂಬಕ್ಕೆ ಸೇರಿದ ಮೀನು. ಹೊರಗಿನಿಂದ ಬಂದ ಬ್ರೌನ್ ಟ್ರೌಟ್ ಅದರ ನೆಲೆಯನ್ನು ಕಿತ್ತುಕೊಂಡಿರುವುದು ನಿಜ. ಆದ್ದರಿಂದ ಗಾಳಕ್ಕೆ ಸ್ನೋ ಟ್ರೌಟ್ ಸಿಕ್ಕರೆ ಅದನ್ನು ನೀರಿನಿಂದ ಮೇಲೆತ್ತದೆಯೇ ಬಿಟ್ಟುಬಿಡಬೇಕು.

ಹಿಮಾಚಲದ ಸಾಕಣೆ ಕೇಂದ್ರಗಳಲ್ಲಿ ಬೆಳೆಸುವುದು ಹೆಚ್ಚಾಗಿ ರೇನ್‌ಬೋ. ಪತ್ಲಿಕುಹಲ್‌ನ ಸರ್ಕಾರಿ ಕೇಂದ್ರ ನಾರ್ವೆಯ ನೆರವಿನಿಂದ ಅಭಿವೃದ್ಧಿಯಾದ ಬಳಿಕ ಖಾಸಗಿ ಕೊಳಗಳೂ ಕಣಿವೆಗಳ ತುಂಬ ಎದ್ದಿವೆ. ಮಳೆಗಾಲದಲ್ಲಿ ಕೊಳ ಒಡೆದಾಗ ಅಲ್ಲಿನ ಮೀನು ಹೊಳೆ ಸೇರುತ್ತದೆ. ಮೀನುಗಾರಿಕೆ ಇಲಾಖೆಯೂ ಆಗಾಗ ಮರಿಗಳನ್ನು ಬಿಡುತ್ತದೆ. ಕೊಳದಲ್ಲಿ ಬೆಳೆದದ್ದನ್ನು ಗುರುತಿಸುವುದು ಕಷ್ಟವಲ್ಲ. ಸಿಮೆಂಟಿನ ಗೋಡೆಗೂ ಒಂದಕ್ಕೊಂದಕ್ಕೂ ಉಜ್ಜಿ ಅದರ ಈಜುರೆಕ್ಕೆಗಳ ಅಂಚು ಸವೆದಿರುತ್ತದೆ, ಬಾಲದ ಮೂಲೆ ಮೊಂಡಾಗಿರುತ್ತದೆ, ಮೈಬಣ್ಣ ಮಂಕಾಗಿರುತ್ತದೆ. ಹೊಳೆಯಲ್ಲೇ ಹುಟ್ಟಿದ ಬ್ರೌನ್ ಟ್ರೌಟ್‌ನ ಪಕ್ಕೆಯಲ್ಲಿ ತಿಳಿಬಣ್ಣದ ಉಂಗುರದೊಳಗೆ ಕೂತ ಕೆಂಪು ಚುಕ್ಕೆಗಳು ಎದ್ದು ಕಾಣುತ್ತವೆ, ರೆಕ್ಕೆಗಳು ಇಡಿಯಾಗಿರುತ್ತವೆ. ಅಂಗೈ ಉದ್ದದ ಅಂಥ ಒಂದು ಮೀನು, ಕೊಳದಿಂದ ತಪ್ಪಿಸಿಕೊಂಡು ಬಂದ ಒಂದು ಕಿಲೋ ತೂಕದ ರೇನ್‌ಬೋಗಿಂತ ಹೆಚ್ಚಿನದು ಎಂದು ನಂಬುವವರಿಗಾಗಿ ಮುಂದಿನ ಮಾತುಗಳು. ತೂಕವೇ ಮುಖ್ಯ ಎನ್ನುವವರು ಇಷ್ಟು ದೂರ ಹೋಗಬೇಕಾಗಿಲ್ಲ. ಕೇಂದ್ರಗಳ ಕೆಳಗಿನ ಮಡುಗಳಲ್ಲೇ ಅವರ ಅಪೇಕ್ಷೆ ಪೂರೈಸುತ್ತದೆ.

ಮೊದಲು ತಿಂಗಳು

ಹಿಮಾಚಲದಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್‌ಗೆ ಗಾಳ ಹಾಕುವುದನ್ನು ನಿಷೇಧಿಸಲಾಗಿದೆ, ಏಕೆಂದರೆ ಬ್ರೌನ್ ಟ್ರೌಟ್ ಮೊಟ್ಟೆಯಿಡುವುದು ಆ ಚಳಿಗಾಲದಲ್ಲೇ. ಕಾಶ್ಮೀರದಲ್ಲಿ ಗಾಳದ ಕಾಲ ಸಾಂಪ್ರದಾಯಿಕವಾಗಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಕಾಗದದ ಮೇಲೆ ಇದು ದೀರ್ಘ ಅವಧಿಯಂತೆ ಕಂಡರೂ, ನಿಜವಾಗಿ ಮೀನು ಹಿಡಿಯಬಹುದಾದ ವಾರಗಳು ಅದರಲ್ಲಿ ಕಡಿಮೆ. ಮೇ ತಿಂಗಳ ಬಿಸಿಲಿಗೆ ಎತ್ತರದ ಹಿಮ ಕರಗಿ ಹೊಳೆ ಏರುತ್ತದೆ ಮತ್ತು ಬಣ್ಣಗೆಡುತ್ತದೆ. ಜುಲೈ, ಆಗಸ್ಟ್‌ಗಳಲ್ಲಿ ಹಿಮಾಚಲದ ಮೇಲೆ ಮುಂಗಾರು ಸುರಿಯುತ್ತದೆ. 2023ರ ಜುಲೈನಲ್ಲಿ ಬಿಯಾಸ್ ಕಣಿವೆಯ ರಸ್ತೆ, ಸೇತುವೆ, ಮನೆಗಳನ್ನು ಕೊಚ್ಚಿದ ಪ್ರವಾಹವನ್ನು ಕಂಡವರು ಆ ತಿಂಗಳುಗಳಲ್ಲಿ ಗಾಳದ ಮಾತೆತ್ತುವುದಿಲ್ಲ.

ಹೀಗೆ ಹಿಮಾಚಲದಲ್ಲಿ ಉಳಿಯುವುದು ಎರಡು ಒಳ್ಳೆಯ ಅವಧಿಗಳು: ಮಾರ್ಚ್‌ನಿಂದ ಏಪ್ರಿಲ್ ಕೊನೆಯವರೆಗಿನದು ಒಂದು, ಮಳೆ ಹಿಂದೆ ಸರಿದ ಸೆಪ್ಟೆಂಬರ್ ಉತ್ತರಾರ್ಧದಿಂದ ಅಕ್ಟೋಬರ್ ಮುಗಿಯುವವರೆಗಿನದು ಇನ್ನೊಂದು. ಕರ್ನಾಟಕದ ಶಾಲಾ ರಜೆಗೆ ಇವು ಚೆನ್ನಾಗಿ ಹೊಂದುತ್ತವೆ. ಬೇಸಿಗೆ ರಜೆಯ ಮೊದಲ ವಾರಗಳು ಮೊದಲ ಅವಧಿಗೂ ದಸರಾ ರಜೆ ಎರಡನೆಯದಕ್ಕೂ ಸಿಗುತ್ತವೆ. ಒಂದು ಎಚ್ಚರಿಕೆ ಬೇಕು: ನಮ್ಮ ಮೈಸೂರು ದಸರಾ ಮುಗಿಯುವ ವಿಜಯದಶಮಿಯಂದು ಕುಲ್ಲು ದಸರಾ ಆರಂಭವಾಗಿ ವಾರವಿಡೀ ನಡೆಯುತ್ತದೆ. ಆಗ ಕುಲ್ಲು ಪಟ್ಟಣದಲ್ಲಿ ತಂಗಲು ಕೋಣೆ ಸಿಗುವುದು ಕಷ್ಟ, ರಸ್ತೆಯಲ್ಲೂ ದಟ್ಟಣೆ. ಆದ್ದರಿಂದ ಪಟ್ಟಣಕ್ಕೆ ಹೋಗದೆ, ಅದಕ್ಕೂ ಮೊದಲೇ ಸಿಗುವ ಔಟ್ ಎಂಬ ಊರಿನಿಂದಲೇ ಪಕ್ಕದ ತೀರ್ಥನ್ ಕಣಿವೆಗೆ ತಿರುಗುವುದು ಮೇಲು.

ಮೇ ಕೊನೆ ಮತ್ತು ಜೂನ್‌ನಲ್ಲಿ ಮಾತ್ರ ಬಿಡುವು ಸಿಗುವವರಿಗೆ ಹಿಮ ಕರಗಿದ ನೀರನ್ನೇ ನೆಚ್ಚಿರದ, ನೆಲದಡಿಯ ಬುಗ್ಗೆಗಳಿಂದ ಹುಟ್ಟುವ ಹೊಳೆ ಬೇಕು. ಅಂಥವು ದಕ್ಷಿಣ ಕಾಶ್ಮೀರದಲ್ಲಿವೆ.

ತೀರ್ಥನ್

ಮೊದಲ ಬಾರಿಗೆ ಹೋಗುವವರಿಗೆ ನಾನು ಹಿಂಜರಿಯದೆ ಹೇಳುವ ಹೆಸರು ತೀರ್ಥನ್. ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಎತ್ತರದಲ್ಲಿ ಹುಟ್ಟಿ, ಗುಶೈನಿ, ನಾಗಿನಿ, ಬಂಜಾರ್‌ಗಳ ಬಳಿ ಹರಿದು, ಲಾರ್ಜಿಯಲ್ಲಿ ಬಿಯಾಸ್ ಸೇರುವ ಈ ಹೊಳೆಯ ಮೇಲೆ ದೊಡ್ಡ ಜಲವಿದ್ಯುತ್ ಅಣೆಕಟ್ಟು ಇಲ್ಲ. ಅದು ತಾನಾಗಿ ಒದಗಿದ ಭಾಗ್ಯವಲ್ಲ. ಕಣಿವೆಯ ಜನ ಯೋಜನೆಗಳನ್ನು ವಿರೋಧಿಸಿ, ಹೊಳೆಯನ್ನು ಹಾಗೆಯೇ ಉಳಿಸಬೇಕೆಂದು ಪಟ್ಟು ಹಿಡಿದರು. ಆ ಹೋರಾಟದ ಮುಂಚೂಣಿಯಲ್ಲಿದ್ದವರು ಅಲ್ಲಿನ ಮಾಜಿ ಶಾಸಕ ದಿಲೇರಾಮ್ ಶಬಾಬ್. ಪಕ್ಕದ ಸೈಂಜ್ ಹೊಳೆಯಲ್ಲಿ 100 ಮೆಗಾವಾಟ್ ಜಲವಿದ್ಯುತ್ ಯೋಜನೆ ಬಂದಿದೆ. ಎರಡೂ ಲಾರ್ಜಿಯ ಕಡೆಗೇ ಹರಿಯುವ ಅಕ್ಕಪಕ್ಕದ ಹೊಳೆಗಳಾದರೂ ಮೀನಿನ ದೃಷ್ಟಿಯಿಂದ ಇಂದು ಬೇರೆ ಬೇರೆ ಲೋಕಗಳು. ಟ್ರೌಟ್ ಮೊಟ್ಟೆಯಿಡಲು ಮೇಲಕ್ಕೆ ಹೋಗಬೇಕು, ಮೊಟ್ಟೆಗಳು ಇಡೀ ಚಳಿಗಾಲ ಜಲ್ಲಿಯ ಸಂದಿನಲ್ಲಿ ಸದಾ ಹರಿಯುವ, ಆಮ್ಲಜನಕ ತುಂಬಿದ ನೀರಿನಲ್ಲಿ ಇರಬೇಕು. ಸುರಂಗಕ್ಕೆ ನೀರು ತಿರುಗಿಸಿದ ಹೊಳೆಯಲ್ಲಿ ಈ ಎರಡೂ ಕೆಡುತ್ತವೆ.

ಉದ್ಯಾನವನ್ನು 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಗಡಿಯೊಳಗೆ ಗಾಳ ಹಾಕುವಂತಿಲ್ಲ, ಆ ನಿಯಮವನ್ನು ಯಾವ ಮಾರ್ಗದರ್ಶಿ ಸಡಿಲಿಸುತ್ತೇನೆಂದರೂ ಒಪ್ಪಬಾರದು. ಮೇಲಿನ ನೀರಿನಲ್ಲಿ ಯಾರೂ ಕೈಯಿಡದ ಮೀನುಗಳಿರುವುದರಿಂದಲೇ ಕೆಳಗಿನ ನೀರಿಗೆ ಮರಿಗಳ ಪೂರೈಕೆ ನಿಲ್ಲದೆ ಆಗುತ್ತದೆ ಎಂಬುದನ್ನು ನೆನೆದರೆ ಈ ನಿಷೇಧ ಗಾಳಗಾರನಿಗೇ ಲಾಭದ್ದು.

ಕೆಳಗಿನ ಭಾಗದಲ್ಲಿ, ಅಂದರೆ ಬಂಜಾರ್‌ನಿಂದ ನಾಗಿನಿಯವರೆಗೆ, ರಸ್ತೆ ಹೊಳೆಗೆ ಅಂಟಿಕೊಂಡೇ ಸಾಗುವುದರಿಂದ ತಲುಪುವುದು ಸುಲಭ. ಅಷ್ಟೇ ಕಾರಣಕ್ಕೆ ಅಲ್ಲಿನ ಮೀನು ಮನುಷ್ಯರ ನೆರಳನ್ನು ಬಲ್ಲದು, ನಾಗಿನಿಯ ಸಾಕಣೆ ಕೇಂದ್ರದಿಂದ ಬಂದ ರೇನ್‌ಬೋಗಳೂ ಅಲ್ಲೇ ಹೆಚ್ಚು. ಗುಶೈನಿಯಲ್ಲಿ ಫಲಾಚನ್ ಹಳ್ಳ ಸೇರುವ ಜಾಗದಿಂದ ಮೇಲೆ, ಉದ್ಯಾನದ ಗಡಿ ಮುಟ್ಟುವವರೆಗಿನ ಕಾಲುದಾರಿಯ ಭಾಗ ಇದಕ್ಕಿಂತ ಬೇರೆ. ದೊಡ್ಡ ಬಂಡೆಗಳ ನಡುವೆ ನೀರು ಧುಮುಕಿ, ಪ್ರತಿ ಬಂಡೆಯ ಹಿಂದೆಯೂ ಸೊಂಟದೆತ್ತರದ ಚಿಕ್ಕ ಮಡು ಮಾಡಿಕೊಳ್ಳುತ್ತದೆ; ಮೀನು ಆ ಮಡುವಿನ ಅಂಚಿನಲ್ಲಿ, ರಭಸದ ಹರಿವಿಗೂ ನಿಂತ ನೀರಿಗೂ ನಡುವಿನ ಗೆರೆಯಲ್ಲಿ, ಹರಿವಿಗೆ ಮುಖ ಮಾಡಿ ತೇಲಿಬರುವ ಆಹಾರಕ್ಕೆ ಕಾದಿರುತ್ತದೆ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ, ಮೀನಿನ ಬೆನ್ನ ಹಿಂದಿನಿಂದ ಸಾಗಬೇಕು. ದೂರಕ್ಕೆ ಎಸೆಯುವ ಕೌಶಲ ಇಲ್ಲಿ ಬೇಕಾಗುವುದಿಲ್ಲ. ಬಾಗಿ ನಡೆಯುವ ತಾಳ್ಮೆ, ಜಾರುಬಂಡೆಯ ಮೇಲೆ ಕಾಲು ಊರುವ ಎಚ್ಚರ ಬೇಕು. ಕಲಿಯುವವನಿಗೆ ತೀರ್ಥನ್ ಒಳ್ಳೆಯದೆಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ: ಒಂದೇ ಬೆಳಗಿನಲ್ಲಿ ಹಲವಾರು ಪುಟ್ಟ ಮಡುಗಳನ್ನು ನೋಡಬಹುದು, ಒಂದರಲ್ಲಿ ಮೀನು ಬೆದರಿದರೆ ಹತ್ತು ಹೆಜ್ಜೆ ಮೇಲೆ ಇನ್ನೊಂದು ಕಾದಿರುತ್ತದೆ.

ಅಕ್ಟೋಬರ್ ಕೊನೆಯ ಹೊತ್ತಿಗೆ ಮೀನುಗಳು ಜೋಡಿಯಾಗಿ ಆಳವಿಲ್ಲದ ಜಲ್ಲಿಯ ಮೇಲೆ ಬರತೊಡಗುತ್ತವೆ. ಹೆಣ್ಣು ಬಾಲದಿಂದ ಜಲ್ಲಿ ಕೆದರಿ ಗುಂಡಿ ಮಾಡಿದ ಜಾಗ ಸುತ್ತಲಿನ ಕಲ್ಲುಗಳಿಗಿಂತ ತೊಳೆದಂತೆ ಬೆಳ್ಳಗೆ ಕಾಣುತ್ತದೆ. ಅಂಥ ಜಾಗದ ಮೇಲೆ ಕಾಲಿಡುವುದಾಗಲಿ, ಅಲ್ಲಿ ನಿಂತ ಮೀನಿಗೆ ಗಾಳ ಎಸೆಯುವುದಾಗಲಿ ಕಾನೂನಿನ ಪ್ರಕಾರ ಇನ್ನೂ ತಪ್ಪಲ್ಲದಿರಬಹುದು, ಆದರೆ ಮುಂದಿನ ವರ್ಷದ ಮೀನನ್ನು ಇಂದೇ ತುಳಿದಂತೆ.

ಊಹ್ಲ್, ಪಬ್ಬರ್, ಬಾಸ್ಪಾ

ಮಂಡಿ ಜಿಲ್ಲೆಯ ಬರೋಟ್‌ನಲ್ಲಿರುವ ಊಹ್ಲ್ ಹೊಳೆ ತೀರ್ಥನ್‌ಗಿಂತ ಕಿರಿದು, ಹೆಚ್ಚು ನೆರಳಿನದು, ದೇವದಾರು ಕಾಡಿನ ನಡುವಿನದು. ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. 1930ರ ದಶಕದ ಆರಂಭದಲ್ಲೇ ಶಾನನ್ ವಿದ್ಯುದಾಗಾರಕ್ಕಾಗಿ ಬರೋಟ್‌ನಲ್ಲಿ ನೀರನ್ನು ತಡೆದು ಬೆಟ್ಟದೊಳಗಿನ ಸುರಂಗದ ಮೂಲಕ ಜೋಗಿಂದರ್‌ನಗರದ ಕಡೆ ಹರಿಸಲಾಯಿತು. ಹೀಗಾಗಿ ತಡೆಯ ಕೆಳಗಿನ ಭಾಗವನ್ನು ಬಿಟ್ಟು, ಮೇಲಿನ ಊಹ್ಲ್ ಮತ್ತು ಬರೋಟ್‌ನಲ್ಲೇ ಬಂದು ಸೇರುವ ಲಂಬಾಡಗ್ ಹಳ್ಳಗಳನ್ನೇ ನೋಡಬೇಕು. ಊರಿನಲ್ಲಿ ಇಲಾಖೆಯ ಟ್ರೌಟ್ ಕೇಂದ್ರವಿರುವುದರಿಂದ ಹತ್ತಿರದ ನೀರಿನಲ್ಲಿ ಬಿಟ್ಟ ಮೀನೂ ಸೇರಿಕೊಂಡಿರುತ್ತದೆ. ಒಂದು ಗಂಟೆ ಮೇಲಕ್ಕೆ ನಡೆದರೆ ಅದು ಕಡಿಮೆಯಾಗುತ್ತದೆ. ಎರಡನೆಯ ಸಲ ಹೋಗುವವರು, ಗದ್ದಲ ಬೇಡವೆನ್ನುವವರು ತೀರ್ಥನ್ ಬದಲು ಇದನ್ನು ಆರಿಸಿಕೊಳ್ಳಬಹುದು.

ಶಿಮ್ಲಾ ಜಿಲ್ಲೆಯ ಪಬ್ಬರ್ ಅಗಲವಾದ, ತೆರೆದ ಸೇಬಿನ ಕಣಿವೆಯ ನದಿ. ಕೆಳಭಾಗದಲ್ಲಿ 111 ಮೆಗಾವಾಟ್‌ನ ಸಾವ್ಡಾ-ಕುಡ್ಡು ಯೋಜನೆ ಬಂದಿದೆ. ಗಾಳಕ್ಕೆ ಯೋಗ್ಯವಾದದ್ದು ರೋಹ್ಡೂವಿನಿಂದ ಮೇಲಿನ ಚಿಡಗಾಂವ್ ಕಡೆಯ ಭಾಗ. ಶಿಮ್ಲಾಗೆ ಹೇಗೂ ಹೋಗುವ ಕುಟುಂಬಕ್ಕೆ ಇದು ಅನುಕೂಲ. ಇದೊಂದಕ್ಕಾಗಿಯೇ ಕರ್ನಾಟಕದಿಂದ ಹೊರಡುವಂತೆ ನಾನು ಹೇಳಲಾರೆ.

ಬಾಸ್ಪಾದ ವಿಷಯ ಹಾಗಲ್ಲ. ಕಿನ್ನೌರ್‌ನ ಈ ಹೊಳೆ ಚಿತ್ಕುಲ್, ರಕ್ಛಮ್, ಸಾಂಗ್ಲಾಗಳ ಮೂಲಕ ಇಳಿದು ಕರ್ಚಮ್‌ನಲ್ಲಿ ಸಟ್ಲೆಜ್ ಸೇರುತ್ತದೆ. ಸಾಂಗ್ಲಾದ ಎತ್ತರ ಸುಮಾರು 2,700 ಮೀಟರ್, ಚಿತ್ಕುಲ್‌ನದು ಸುಮಾರು 3,450 ಮೀಟರ್. 300 ಮೆಗಾವಾಟ್‌ನ ಬಾಸ್ಪಾ ಎರಡನೇ ಹಂತದ ತಡೆ ಸಾಂಗ್ಲಾದ ಕೆಳಗೆ ಕುಪ್ಪಾದಲ್ಲಿರುವುದರಿಂದ ಅದರ ಮೇಲಿನ ಹೊಳೆಯೇ ನಮಗೆ ಮುಖ್ಯ. ನೀರು ಕೊರೆಯುವಷ್ಟು ತಣ್ಣಗಿರುತ್ತದೆ, ಅಷ್ಟು ತಣ್ಣನೆಯ ನೀರಿನಲ್ಲಿ ಮೀನು ನಿಧಾನವಾಗಿ ಬೆಳೆಯುತ್ತದೆ, ಸಂಖ್ಯೆಯೂ ಕಡಿಮೆ. ಹಿಮನದಿಯ ನೀರು ಕೂಡುವ ಹೊಳೆಯಾದ್ದರಿಂದ ಬಿಸಿಲಿನ ದಿನ ಮಧ್ಯಾಹ್ನದ ನಂತರ ಮಟ್ಟ ಏರಿ, ಕಲಕಿದ ನೀರು ಬರುತ್ತದೆ. ಬೆಳಗಿನ ಹೊತ್ತೇ ತಿಳಿಯಾಗಿರುವುದು. ಬೆಳಿಗ್ಗೆ ಸುಲಭವಾಗಿ ದಾಟಿದ ಜಾಗವನ್ನು ಸಂಜೆ ಅದೇ ಧೈರ್ಯದಿಂದ ದಾಟಲು ಹೋಗಬಾರದು. ಚಂಡೀಗಢದಿಂದ ಎರಡು ದಿನದ ಪ್ರಯಾಣ ಇಟ್ಟುಕೊಳ್ಳಬೇಕು, ಎತ್ತರಕ್ಕೆ ಮೈ ಒಗ್ಗಲು ಇನ್ನೊಂದು ದಿನ. ಮೀನು ಸಿಗದಿದ್ದರೂ ಆ ಕಣಿವೆಯಲ್ಲಿ ಹೊಳೆಯ ಪಕ್ಕ ನಿಲ್ಲುವುದೇ ಸಾಕೆನ್ನುವವರಿಗೆ ಇದಕ್ಕಿಂತ ಚೆಲುವಾದ ಟ್ರೌಟ್ ನೀರು ಹಿಮಾಚಲದಲ್ಲಿಲ್ಲ.

ಅಣೆಕಟ್ಟಿನ ಕೆಳಗಿನ ನೀರಿನ ಬಗ್ಗೆ ಇಷ್ಟು ಬಾರಿ ಹೇಳುತ್ತಿರುವುದು ಮೀನಿಗಾಗಿ ಮಾತ್ರವಲ್ಲ. 2014ರ ಜೂನ್‌ನಲ್ಲಿ ಲಾರ್ಜಿ ಅಣೆಕಟ್ಟಿನಿಂದ ದಿಢೀರನೆ ಬಿಟ್ಟ ನೀರಿಗೆ ಸಿಕ್ಕಿ, ಬಿಯಾಸ್ ದಡದ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಹೊಳೆಯ ನಡುವೆ ನಿಂತು ಗಾಳ ಹಾಕುವವನಿಗೆ ಓಡಲು ಅವರಿಗಿದ್ದಷ್ಟು ಸಮಯವೂ ಸಿಗುವುದಿಲ್ಲ. ಮೇಲೆ ಗೇಟಿರುವ ಯಾವ ಹೊಳೆಯಲ್ಲೂ ತಡೆಯ ಕೆಳಗೆ ಇಳಿಯಬೇಡಿ.

ಕಾಶ್ಮೀರ

ಕಾಶ್ಮೀರದ ಮೇಲುಗೈ ಇರುವುದು ನೀರಿನ ಸ್ವರೂಪದಲ್ಲಿ ಮತ್ತು ವ್ಯವಸ್ಥೆಯಲ್ಲಿ. ಅಲ್ಲಿ ಹೊಳೆಯನ್ನು ಬೀಟ್‌ಗಳಾಗಿ ವಿಂಗಡಿಸಿ, ಒಂದೊಂದು ಬೀಟ್‌ಗೆ ದಿನಕ್ಕೆ ಇಂತಿಷ್ಟೇ ಜನ ಎಂದು ಮೀನುಗಾರಿಕೆ ಇಲಾಖೆ ಪರವಾನಗಿ ಕೊಡುತ್ತದೆ. ನಿಮ್ಮ ದಿನ ನಿಮ್ಮ ನೀರಿನಲ್ಲಿ ಇನ್ನೊಬ್ಬರು ಮುಂದೆ ನಡೆದು ಮೀನು ಬೆದರಿಸುವ ಭಯವಿಲ್ಲ. ಹಿಮಾಚಲದ ಪರವಾನಗಿ ಅಗ್ಗವೂ ಸುಲಭವೂ ಆದದ್ದು, ಆದರೆ ಬಂಜಾರ್ ಬಳಿಯ ಒಂದು ಭಾನುವಾರ ಒಂದೇ ಮಡುವಿಗೆ ಮೂವರು ಬಂದರೂ ಕೇಳುವವರಿಲ್ಲ.

ಪಹಲ್ಗಾಮ್‌ನ ಲಿದ್ದರ್ ಎರಡು ಕವಲುಗಳ ಹೊಳೆ. ಒಂದು ಕೊಲಹೋಯ್ ಹಿಮನದಿಯಿಂದ, ಇನ್ನೊಂದು ಶೇಷನಾಗ್ ಕಡೆಯಿಂದ ಇಳಿದು ಊರಿನ ಬಳಿ ಕೂಡುತ್ತವೆ. ಹಿಮ ಕರಗುವ ಕಾಲದಲ್ಲಿ ಇದೂ ಹಿಮಾಚಲದ ಹೊಳೆಗಳಂತೆ ಉಕ್ಕುತ್ತದೆ, ಆದರೆ ಮುಂಗಾರಿನ ಹೊಡೆತ ಕಾಶ್ಮೀರ ಕಣಿವೆಗೆ ಅಷ್ಟಾಗಿ ತಟ್ಟದ್ದರಿಂದ ಆಗಸ್ಟ್, ಸೆಪ್ಟೆಂಬರ್‌ಗಳು ಅಲ್ಲಿ ಬಳಸಲು ಬರುವ ತಿಂಗಳುಗಳು. ಕೊಕರ್‌ನಾಗ್ ಸುತ್ತಲಿನ ಬುಗ್ಗೆ ನೀರಿನದು ಬೇರೆ ಗುಣ. ಸುಣ್ಣಕಲ್ಲಿನ ನೆಲದಿಂದ ಉಕ್ಕುವ ನೀರಿನ ಉಷ್ಣತೆ ವರ್ಷವಿಡೀ ಹೆಚ್ಚು ಏರುಪೇರಾಗದೆ, ಜೂನ್‌ನಲ್ಲೂ ತಿಳಿಯಾಗಿ, ಪಾಚಿ ಮತ್ತು ನೀರಹುಳುಗಳಿಂದ ಸಮೃದ್ಧವಾಗಿರುತ್ತದೆ. ಅಂಥಲ್ಲಿ ಮೀನು ಬೇಗ ಬೆಳೆಯುತ್ತದೆ. ಅದೇ ಸುಣ್ಣಕಲ್ಲಿನ ಇನ್ನೊಂದು ಮುಖ 2022ರ ಫೆಬ್ರವರಿಯಲ್ಲಿ ಕಂಡಿತು: ಬ್ರಿಂಗಿ ಹೊಳೆಯ ಪಾತ್ರದಲ್ಲಿ ನೆಲ ಕುಸಿದು ಗುಂಡಿ ಬಿದ್ದು, ಇಡೀ ಹರಿವು ಅದರೊಳಕ್ಕೆ ಇಳಿದುಹೋಗಿ, ಕೆಳಗಿನ ಭಾಗದ ಟ್ರೌಟ್‌ಗಳು ಬತ್ತಿದ ಪಾತ್ರದಲ್ಲಿ ಸತ್ತವು. ಏಷ್ಯಾದ ದೊಡ್ಡ ಟ್ರೌಟ್ ಸಾಕಣೆ ಕೇಂದ್ರಗಳಲ್ಲೊಂದು ಕೊಕರ್‌ನಾಗ್‌ನಲ್ಲೇ ಇರುವುದರಿಂದ, ಹುಟ್ಟಿದ ಮೀನೇ ಬೇಕೆನ್ನುವವರು ಬೀಟ್ ಗೊತ್ತುಮಾಡುವಾಗ ಮೀನು ಬಿಡುವುದು ಎಲ್ಲಿ ಎಂದು ಕೇಳಿಯೇ ಮುಂದುವರಿಯಬೇಕು.

2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ಬಳಿ ನಡೆದ ದಾಳಿಯಲ್ಲಿ ಕನ್ನಡಿಗರೂ ಜೀವ ಕಳೆದುಕೊಂಡರು. ಆಮೇಲೆ ಕಣಿವೆಯ ಅನೇಕ ಪ್ರವಾಸಿ ತಾಣಗಳನ್ನು ಸ್ವಲ್ಪ ಕಾಲ ಮುಚ್ಚಲಾಗಿತ್ತು. ಟಿಕೆಟ್ ಕೊಳ್ಳುವ ಮೊದಲು ನೀವು ಬಯಸುವ ಬೀಟ್ ತೆರೆದಿದೆಯೇ ಎಂದು ಇಲಾಖೆಯಿಂದಲೇ ಖಚಿತಪಡಿಸಿಕೊಳ್ಳಿ. ಹುಳುವಿನಂತೆ ಕಟ್ಟಿದ ಗಾಳವಾದ ಫ್ಲೈ ಎಸೆಯಲು ಈಗಾಗಲೇ ಬಲ್ಲವರು, ನೀರಿನ ಮೇಲೆ ಹುಳು ನುಂಗುವ ಮೀನನ್ನು ಕಣ್ಣಾರೆ ನೋಡಿ ಅದಕ್ಕೇ ಗುರಿಯಿಡುವ ಆಸೆಯುಳ್ಳವರು ಕಾಶ್ಮೀರವನ್ನೇ ಆರಿಸಬೇಕು.

ನಮಗೆ ಹತ್ತಿರದ ನೀಲಗಿರಿಯಲ್ಲೂ ಬ್ರಿಟಿಷರ ಕಾಲದಲ್ಲಿ ಬಿಟ್ಟ ರೇನ್‌ಬೋ ಟ್ರೌಟ್ ನೆಲೆನಿಂತಿದೆ. ಮೈಸೂರಿನಿಂದ ಅರ್ಧ ದಿನದ ದಾರಿ ಎಂಬ ಆಕರ್ಷಣೆ ಇದ್ದರೂ, ಮುಕುರ್ತಿಯ ಹೊಳೆಗಳು ರಾಷ್ಟ್ರೀಯ ಉದ್ಯಾನದೊಳಗಿವೆ, ಅಲ್ಲಿ ಗಾಳಕ್ಕೆ ಅವಕಾಶವಿಲ್ಲ. ಈ ಹೋಲಿಕೆಯಲ್ಲಿ ಅದನ್ನು ಸೇರಿಸದಿರುವುದು ಅದೇ ಕಾರಣಕ್ಕೆ.

ಫ್ಲೈ, ಸ್ಪಿನ್ನರ್, ಎರೆಹುಳು

ಹೊಳೆ ಗೊತ್ತಾದ ಮೇಲೆ ಸಲಕರಣೆಯ ಪ್ರಶ್ನೆ. ಬಿಳಿಮೀನಿಗೆ ಬಳಸುವ ದಪ್ಪ ಕೋಲು, ದಪ್ಪ ದಾರ ಯಾವುದೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಸ್ಪಿನ್ನರ್ ಎಂದರೆ ನೀರಿನಲ್ಲಿ ಎಳೆದಾಗ ಗಿರಗಿರನೆ ತಿರುಗಿ ಮಿನುಗುವ ಲೋಹದ ಎಲೆಯ ಗಾಳ. ಆರಡಿಯ ಹಗುರ ಕೋಲು, ಚಿಕ್ಕ ರೀಲು, 4ರಿಂದ 6 ಪೌಂಡ್‌ನ ದಾರ, ಅತಿ ಚಿಕ್ಕ ಅಳತೆಯ ಸ್ಪಿನ್ನರ್‌ಗಳಿದ್ದರೆ ಒಂದು ಗಂಟೆಯಲ್ಲಿ ಯಾರು ಬೇಕಾದರೂ ಕಲಿಯಬಹುದು. ಸ್ವಲ್ಪ ಕಲಕಿದ ನೀರಿನಲ್ಲಿ ಅದೇ ಹೆಚ್ಚು ಮೀನು ಕೊಡುತ್ತದೆ. ಅದರ ದೋಷ ಮೂರು ಕೊಕ್ಕೆಯ ಗಾಳ. ಅಂಗೈಯಷ್ಟರ ಮೀನಿನ ಬಾಯಲ್ಲಿ ಅದು ಕಣ್ಣನ್ನೂ ಕಿವಿರನ್ನೂ ಹರಿಯುತ್ತದೆ. ಅದನ್ನು ಕಿತ್ತು ಒಂಟಿ ಕೊಕ್ಕೆ ಹಾಕಿ, ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ ಮೇಲೆಯೇ ಬಳಸಬೇಕು.

ಗರಿ, ಕೂದಲು, ದಾರಗಳನ್ನು ಕೊಕ್ಕೆಗೆ ಸುತ್ತಿ ಹುಳುವಿನಂತೆ ಕಟ್ಟಿದ ಫ್ಲೈಗೆ ಕಲಿಕೆಯ ಸಮಯ ಹೆಚ್ಚು. ಒಂಬತ್ತಡಿಯ, 4 ಅಥವಾ 5 ವೇಟ್ (ಎಸೆಯುವ ದಾರದ ತೂಕದ ಅಳತೆ) ಕೋಲು ಎಲ್ಲ ಹೊಳೆಗಳಿಗೂ ಸಾಕು. ತುದಿಯ ದಾರ 5ಎಕ್ಸ್, ಅಂದರೆ ಸುಮಾರು 0.15 ಮಿಲಿಮೀಟರ್ ದಪ್ಪದ್ದು. ತೀರ್ಥನ್‌ನಲ್ಲಿ ಭಾರದ ಮಣಿ ಕಟ್ಟಿದ ನಿಂಫ್ (ನೀರಿನಡಿಯ ಮರಿಹುಳುವನ್ನು ಹೋಲುವ ಫ್ಲೈ) ಅನ್ನು ಗಿಡ್ಡ ದಾರದಲ್ಲಿ ಬಂಡೆಯ ಹಿಂದೆ ಇಳಿಬಿಟ್ಟು, ಕೋಲಿನ ತುದಿಯನ್ನು ಹರಿವಿನ ಜೊತೆಗೇ ಸಾಗಿಸಿದರೆ ದಿನವಿಡೀ ಕೆಲಸ ನಡೆಯುತ್ತದೆ. ರೀಲೇ ಇಲ್ಲದೆ ದಾರವನ್ನು ಕೋಲಿನ ತುದಿಗೇ ಕಟ್ಟುವ ಜಪಾನಿನ ತೆಂಕಾರ ವಿಧಾನ ಇಂಥ ನೀರಿಗೆ ಹೇಳಿ ಮಾಡಿಸಿದಂತಿದೆ, ಮತ್ತು ಬಿದಿರ ಕಡ್ಡಿಗೆ ದಾರ ಕಟ್ಟಿ ಹಳ್ಳದಲ್ಲಿ ಮೀನು ಹಿಡಿದು ಬೆಳೆದ ಮಲೆನಾಡಿಗರ ಕೈಗೆ ಅದು ಬೇಗ ಒಗ್ಗುತ್ತದೆ. ಕಾಶ್ಮೀರದ ಹಲವು ಬೀಟ್‌ಗಳಲ್ಲಿ ಕೃತಕ ಫ್ಲೈಗೆ ಮಾತ್ರ ಅನುಮತಿ. ಅಲ್ಲಿ ಸ್ಪಿನ್ನರ್ ಒಯ್ದರೆ ಚೀಲದಲ್ಲೇ ಉಳಿಯುತ್ತದೆ. ಎರೆಹುಳುವನ್ನು ಮಾತ್ರ ಯಾವ ಹೊಳೆಯಲ್ಲೂ ಬಳಸಬೇಡಿ. ಮೀನು ಅದನ್ನು ಹೊಟ್ಟೆಯವರೆಗೆ ನುಂಗುವುದರಿಂದ, ಬಿಟ್ಟರೂ ಬದುಕುವ ಸಂಭವ ಕಡಿಮೆ.

ಜೇಬಿನಲ್ಲಿ ಒಂದು ಉಷ್ಣಮಾಪಕವಿರಲಿ. 10ರಿಂದ 16 ಡಿಗ್ರಿ ಸೆಲ್ಸಿಯಸ್ ನಡುವೆ ಟ್ರೌಟ್ ಚುರುಕಾಗಿ ತಿನ್ನುತ್ತದೆ; 5 ಡಿಗ್ರಿಗಿಂತ ಕೆಳಗೆ ಮಂಕಾಗಿರುತ್ತದೆ, ಆಗ ಬಿಸಿಲು ಬೀಳುವ ಮಧ್ಯಾಹ್ನದವರೆಗೆ ಕಾಯುವುದು ಲೇಸು. 19, 20 ಡಿಗ್ರಿ ಮುಟ್ಟಿದರೆ ನೀರಿನಲ್ಲಿ ಆಮ್ಲಜನಕ ಸಾಲದೆ, ಗಾಳಕ್ಕೆ ಬಿದ್ದು ದಣಿದ ಮೀನು ಬಿಟ್ಟ ಮೇಲೂ ಸಾಯುತ್ತದೆ. ಬಂಜಾರ್‌ನ ಕೆಳಗಿನ ತಗ್ಗಿನ ನೀರಿನಲ್ಲಿ ಬೇಸಿಗೆಯ ಮಧ್ಯಾಹ್ನ ಇದನ್ನು ಅಳೆದೇ ಮುಂದುವರಿಯಬೇಕು. ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣಗೈ ಅದರ ಮೈಯ ಲೋಳೆಯನ್ನು ಕಿತ್ತು ಬೂಷ್ಟು ರೋಗಕ್ಕೆ ದಾರಿ ಮಾಡುತ್ತದೆ. ಪರವಾನಗಿಯ ಮೇಲೆ ಇಷ್ಟು ಮೀನು ಒಯ್ಯಬಹುದು ಎಂದು ಬರೆದಿದ್ದರೂ ಕಾಡು ಬ್ರೌನ್ ಟ್ರೌಟ್‌ಗಳನ್ನು ಹೊಳೆಗೇ ಬಿಟ್ಟು, ರಾತ್ರಿಯ ಊಟಕ್ಕೆ ಊರಿನ ಕೊಳದಿಂದ ರೇನ್‌ಬೋ ಕೊಂಡುಕೊಳ್ಳಿ. ಅದರ ಹಣ ಆ ಕಣಿವೆಯ ಮನೆಯೊಂದಕ್ಕೇ ಸೇರುತ್ತದೆ.